ಬಿಲ್ಲನ್ನು ಅಳೆದದ್ದಾಯಿತು, ಇನ್ನು ಬಾಣವನ್ನೂ ತೂಗಿ

ಸೆಪ್ಟೆಂಬರ್ ಮಧ್ಯಕ್ಕೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಬಿಲ್ಲುಬೇಟೆಯ ಕಾಲ ಶುರುವಾಗುತ್ತದೆ. ಪರವಾನಗಿ ಇದ್ದವರು ಜಿಂಕೆ ಹೊಡೆಯಬಹುದು. ಬಿಲ್ಲು ಹೇಗಿರಬೇಕೆಂದು ಕಾನೂನು ಹೇಳುತ್ತದೆ: ಎಳೆಯಲು ಕನಿಷ್ಠ 30 ಪೌಂಡ್ ಬಲ ಬೇಡುವಂಥದ್ದಾಗಿರಬೇಕು. ಅಲಗು ಹೇಗಿರಬೇಕೆಂದೂ ಹೇಳುತ್ತದೆ: ಲೋಹದ್ದಾಗಿರಬೇಕು, ಹರಿತವಾಗಿರಬೇಕು, ಇಂತಿಷ್ಟು ಅಗಲ ಇರಬೇಕು. ಬಾಣ ಎಷ್ಟು ತೂಗಬೇಕು ಎಂಬುದರ ಬಗ್ಗೆ ಮಾತ್ರ ಚಕಾರವಿಲ್ಲ. ಜಿಂಕೆಯ ಮೈಯೊಳಗೆ ಹೋಗುವುದು ಬಾಣ. ಬಿಲ್ಲು ನಮ್ಮ ಕೈಯಲ್ಲೇ ಉಳಿಯುತ್ತದೆ. ಕೈಯಲ್ಲಿ ಉಳಿಯುವುದನ್ನು ಅಳೆದು, ಪ್ರಾಣಿಯ ಮೈ ಹೊಗುವುದನ್ನು ಅಳೆಯದೆ ಬಿಡುವ ಈ ನಿಯಮ ಬದಲಾಗಬೇಕು ಎಂಬುದು ನನ್ನ ವಾದ.

ನಾನು ತೀರ್ಥಹಳ್ಳಿಯ ಅಕ್ಕಸಾಲಿಗರ ಮನೆಯ ಮಗಳು. ಮದುವೆಯಾಗಿ ಬಂದು ನೆಲೆಸಿದ್ದು ಮ್ಯಾಡಿಸನ್ ಊರಿನ ಹೊರವಲಯದಲ್ಲಿ. ಬಿಲ್ಲು ಹಿಡಿದದ್ದು ಇಲ್ಲಿಗೆ ಬಂದ ಮೇಲೆ. ಊರಲ್ಲಿ ಅಕ್ಕ ಈಗಲೂ ಫೋನಿನಲ್ಲಿ, "ಅದೆಂಥದೇ ಮಾರಾಯ್ತಿ, ಇಲ್ಲಿ ಜಿಂಕೆ ಮುಟ್ಟಿದರೆ ಜೈಲು, ನೀನು ಅಲ್ಲಿ ಹೊಡೆದು ತಿನ್ನುತ್ತೀಯಾ?" ಎನ್ನುತ್ತಾಳೆ. ಅವಳು ಹೇಳುವುದು ಸರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮಲ್ಲಿದೆ, ಅದು ಇರಬೇಕು, ನಮ್ಮ ಕಾಡಿನ ಸ್ಥಿತಿಗೆ ಅದೇ ಸರಿ. ಇಲ್ಲಿಯ ಲೆಕ್ಕ ಬೇರೆ. ಬಿಳಿಬಾಲದ ಜಿಂಕೆಗಳು ಜೋಳದ ಹೊಲಕ್ಕೂ ಹೆದ್ದಾರಿಗೂ ನುಗ್ಗುವಷ್ಟಿವೆ. ಎಷ್ಟು ಹೊಡೆಯಬಹುದೆಂದು ಸರ್ಕಾರವೇ ವರ್ಷ ವರ್ಷ ನಿಗದಿ ಮಾಡುತ್ತದೆ. ಹೊಡೆದದ್ದರ ಮಾಂಸವನ್ನು ಮನೆಯಲ್ಲಿ ತಿನ್ನಬಹುದು, ಮಾರುವಂತಿಲ್ಲ. ಬಿಲ್ಲುಬೇಟೆಗೆಂದೇ ಪ್ರತ್ಯೇಕ ಕಾಲವನ್ನು ಈ ರಾಜ್ಯ 1934ರಲ್ಲೇ ತೆರೆಯಿತು. ಪರಿಸರ ಚಿಂತನೆಯ ಹಿರಿಯ ಆಲ್ಡೊ ಲಿಯೊಪೋಲ್ಡ್ ಇದೇ ಮ್ಯಾಡಿಸನ್‌ನಲ್ಲಿ ಪಾಠ ಹೇಳುತ್ತಿದ್ದವರು; ತಮ್ಮ ಬಿಲ್ಲನ್ನು ತಾವೇ ಕೆತ್ತಿಕೊಂಡು ಬೇಟೆಗೆ ಹೋಗುತ್ತಿದ್ದರು. ಬೇಟೆ ಬೇಕೇ ಬೇಡವೇ ಎಂಬ ಚರ್ಚೆ ದೊಡ್ಡದು, ಅದು ಇನ್ನೊಂದು ದಿನಕ್ಕಿರಲಿ. ಬೇಟೆ ನಡೆಯುತ್ತದೆ ಎಂದಾದ ಮೇಲೆ ಪ್ರಾಣಿ ಬೇಗ ಸಾಯಬೇಕು, ನರಳಬಾರದು. ಇದರಲ್ಲಿ ಅಕ್ಕನಿಗೂ ನನಗೂ ಭಿನ್ನಾಭಿಪ್ರಾಯವಿಲ್ಲ.

ಗುಂಡಿಗೂ ಬಾಣಕ್ಕೂ ಇರುವ ವ್ಯತ್ಯಾಸ ಇಲ್ಲೇ ಮುಖ್ಯವಾಗುವುದು. ಜಿಂಕೆ ಬೇಟೆಯ ಸಾಮಾನ್ಯ ಬಂದೂಕಿನ ಗುಂಡು ಎರಡು ಸಾವಿರ ಅಡಿ-ಪೌಂಡಿಗೂ ಮಿಕ್ಕಿದ ಶಕ್ತಿಯಿಂದ ಬಡಿಯುತ್ತದೆ. ಆ ಆಘಾತವೇ ಅರ್ಧ ಕೆಲಸ ಮುಗಿಸುತ್ತದೆ. ಒಳ್ಳೆಯ ಬಿಲ್ಲಿನಿಂದ ಹೊರಟ ಬಾಣದಲ್ಲಿರುವುದು ನಲವತ್ತರಿಂದ ಎಂಬತ್ತು ಅಡಿ-ಪೌಂಡ್, ಅಷ್ಟೆ. ಅದು ಆಘಾತದಿಂದ ಕೊಲ್ಲುವುದಿಲ್ಲ, ಕೊಯ್ದು ಕೊಲ್ಲುತ್ತದೆ. ಪಕ್ಕೆಲುಬಿನ ನಡುವೆ ಹೊಕ್ಕು, ಎರಡೂ ಶ್ವಾಸಕೋಶ ಸೀಳಿ, ಆಚೆ ಬದಿಯಿಂದ ಹೊರಬಿದ್ದರೆ ಜಿಂಕೆ ಕೆಲವೇ ಸೆಕೆಂಡುಗಳಲ್ಲಿ ಕುಸಿಯುತ್ತದೆ. ನಾವು ಮರದ ಮೇಲಿನ ಅಟ್ಟಣೆಯಿಂದ ಕೆಳಮುಖವಾಗಿ ಹೊಡೆಯುವುದರಿಂದ ಒಳಹೊಕ್ಕ ಗಾಯ ಮೇಲಿರುತ್ತದೆ, ಹೊರಬಿದ್ದ ಗಾಯ ಕೆಳಗಿರುತ್ತದೆ. ನೆಲದ ಮೇಲೆ ರಕ್ತದ ಜಾಡು ಬೀಳುವುದು ಆ ಕೆಳಗಿನ ಗಾಯದಿಂದ. ಬಾಣ ಒಳಗೇ ಉಳಿದರೆ ಜಾಡು ಸಿಗುವುದು ಕಷ್ಟ. ಆಚೆ ಬದಿಯ ಮಣ್ಣಿನಲ್ಲಿ ನೆಟ್ಟ ಬಾಣವನ್ನು ಕಿತ್ತು ಬೆಳಕಿಗೆ ಹಿಡಿದರೆ ವಿಷಯ ತಿಳಿಯುತ್ತದೆ. ರಕ್ತ ತಿಳಿಗೆಂಪಾಗಿ, ನೊರೆ ಕಟ್ಟಿದ್ದರೆ ಶ್ವಾಸಕೋಶ. ಕಪ್ಪುಗೆಂಪಾಗಿದ್ದರೆ ಪಿತ್ತಜನಕಾಂಗ. ಹಸಿರು ಜಿಗುಟು, ಕೆಟ್ಟ ವಾಸನೆ ಇದ್ದರೆ ಕರುಳು. ಆಗ ಗಂಟೆಗಟ್ಟಲೆ ಕಾಯದೆ ಬೆನ್ನುಹತ್ತಬಾರದು. ಬಾಣ ದಾಟಿ ಬಂದರೆ ಮಾತ್ರ ಈ ಸಾಕ್ಷ್ಯ ಪೂರ್ತಿಯಾಗಿ ನಮ್ಮ ಕೈಗೆ ಸಿಗುವುದು.

ದಾಟುವಂತೆ ಮಾಡುವುದು ಯಾವುದು? ಅಂಗಡಿಯಲ್ಲಿ ಕೇಳಿದರೆ ಒಂದೇ ಉತ್ತರ, ವೇಗ. ಬಿಲ್ಲಿನ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಸೆಕೆಂಡಿಗೆ 330 ಅಡಿ, 340 ಅಡಿ ಎಂದು ಅಚ್ಚಾಗಿರುತ್ತದೆ. ಆ ಅಂಕಿ ಹುಟ್ಟಿದ ಬಗೆ ನೋಡಿ: 70 ಪೌಂಡ್ ಬಲದ ಬಿಲ್ಲು, 30 ಇಂಚು ಎಳೆತ, ಬರೀ 350 ಗ್ರೇನ್ ತೂಕದ ಬಾಣ. 30 ಇಂಚು ಎಳೆಯಬೇಕಾದರೆ ಆರಡಿಗೂ ಹೆಚ್ಚು ಎತ್ತರದ, ಉದ್ದ ತೋಳಿನ ಗಂಡಸಾಗಿರಬೇಕು. ನನ್ನ ಎಳೆತ 26 ಇಂಚು, ಬಿಲ್ಲು 45 ಪೌಂಡಿನದು. ಅಚ್ಚು ಹಾಕಿದ ವೇಗ ನನ್ನ ಕೈಯಲ್ಲಿ ಯಾವ ಜನ್ಮಕ್ಕೂ ಬರುವುದಿಲ್ಲ. ಆದರೂ ಅಂಗಡಿಯವರು ನನಗೆ ಕೊಟ್ಟ ಸಲಹೆ, "ನಿಮ್ಮ ಎಳೆತ ಕಡಿಮೆ, ಆದ್ದರಿಂದ ಹಗುರ ಬಾಣ ತಗೊಳ್ಳಿ, ವೇಗ ಸಿಗುತ್ತದೆ" ಎಂದು. ಹೆಂಗಸರಿಗೂ ಹದಿಹರೆಯದವರಿಗೂ ಇದೇ ಮಾತು ಹೇಳಿ ಕಳಿಸುತ್ತಾರೆ. ಇದು ತಲೆಕೆಳಗಾದ ಸಲಹೆ.

ಗ್ರೇನ್ ಎಂದರೆ ಅಕ್ಕಸಾಲಿಗರ ಗುಲಗಂಜಿಯ ಹಾಗೆ ಧಾನ್ಯದ ಕಾಳಿನಿಂದ ಬಂದ ಹಳೆಯ ಅಳತೆ. ಒಂದು ಪೌಂಡಿಗೆ 7000 ಗ್ರೇನ್, ಒಂದು ಗ್ರಾಂಗೆ ಸುಮಾರು ಹದಿನೈದೂವರೆ. ಅಪ್ಪ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ ತೂಗುವುದನ್ನು ನೋಡಿ ಬೆಳೆದ ನನಗೆ, ತೂಗದೆ ಮಾತಾಡುವವರನ್ನು ನಂಬಿ ಅಭ್ಯಾಸವಿಲ್ಲ. ಬ್ಯಾಟರಿ ಹಾಕುವ ಪುಟ್ಟ ಗ್ರೇನ್ ತಕ್ಕಡಿಯೊಂದನ್ನು ತಂದು ಎರಡು ಬಗೆಯ ಬಾಣ ಕಟ್ಟಿದೆ. ಮೊದಲನೆಯದು ಅಂಗಡಿಯ ಸಲಹೆಯಂತೆ: 27 ಇಂಚಿನ ಹಗುರ ಕಾರ್ಬನ್ ಕಡ್ಡಿ, 100 ಗ್ರೇನ್ ಅಲಗು, ಒಟ್ಟು 358 ಗ್ರೇನ್. ಎರಡನೆಯದು ತುಸು ಗಟ್ಟಿ ಕಡ್ಡಿ, ತುದಿಯೊಳಗೆ 50 ಗ್ರೇನ್ ಹಿತ್ತಾಳೆಯ ಇನ್ಸರ್ಟ್, ಅದಕ್ಕೆ 125 ಗ್ರೇನ್ ಅಲಗು, ಒಟ್ಟು 445. ಎರಡರ ನಡುವಿನ ಅಂತರ ಅರ್ಧ ತೊಲಕ್ಕೂ ಕಡಿಮೆ.

ಹಗುರ ಬಾಣ ಸೆಕೆಂಡಿಗೆ ಸುಮಾರು 234 ಅಡಿ ಹೋಯಿತು, ಭಾರದ್ದು 212. ಗುಣಿಸಿ ನೋಡಿದರೆ ಚಲನಶಕ್ತಿ ಎರಡರದೂ ಹೆಚ್ಚುಕಡಿಮೆ ಒಂದೇ, 44 ಅಡಿ-ಪೌಂಡಿನ ಆಸುಪಾಸು. ಬಿಲ್ಲು ಕೊಡುವುದು ಅಷ್ಟೇ, ಬಾಣ ಯಾವುದಾದರೇನು. ಸಂವೇಗ, ಅಂದರೆ ತೂಕ ಮತ್ತು ವೇಗದ ಗುಣಲಬ್ಧ, ಮಾತ್ರ ಭಾರದ ಬಾಣಕ್ಕೆ ಶೇ 12ಕ್ಕಿಂತ ಹೆಚ್ಚು. ಎಲುಬು, ತೊಗಲು, ಸ್ನಾಯು ತಡೆದಾಗ ಬಾಣವನ್ನು ಮುಂದಕ್ಕೆ ತಳ್ಳಿಕೊಂಡು ಹೋಗುವುದು ಇದೇ. ತೋಳಿನ ಬಲ ನನಗೆ ಇಷ್ಟೇ ಇದೆ, ಅದನ್ನು ಬದಲಿಸಲಾರೆ. ಆದರೆ ಬಾಣದ ತೂಕ ನನ್ನ ಆಯ್ಕೆ. ಬಲ ಕಡಿಮೆ ಇರುವವರಿಗೆ ಈ ಆಯ್ಕೆ ಇನ್ನಷ್ಟು ಅಗತ್ಯ.

ವೇಗದ ಪರ ಎರಡು ವಾದಗಳಿವೆ. ಒಂದು, ಹೆದೆಯ ಸದ್ದಿಗೆ ಜಿಂಕೆ ಬೆಚ್ಚಿ ಕುಗ್ಗುವ ಮುಂಚೆ ಬಾಣ ತಲುಪಬೇಕು ಎಂಬುದು. 20 ಗಜಕ್ಕೆ ಸದ್ದು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ತಲುಪುತ್ತದೆ. ನನ್ನ ಎರಡೂ ಬಾಣಗಳಿಗೆ ಕಾಲು ಸೆಕೆಂಡಿಗೂ ಹೆಚ್ಚು ಬೇಕು. ಹಗುರ ಬಾಣ ಉಳಿಸಿಕೊಡುವುದು ಸೆಕೆಂಡಿನ ನೂರರಲ್ಲಿ ಮೂರು ಪಾಲು. ಸದ್ದನ್ನು ಹಿಂದೆ ಹಾಕುವ ಬಿಲ್ಲು ಇನ್ನೂ ಹುಟ್ಟಿಲ್ಲ. ಮೇಲಾಗಿ ಭಾರದ ಬಾಣ ಬಿಟ್ಟಾಗ ಬಿಲ್ಲಿನ ಸದ್ದೇ ಕಡಿಮೆ. ಎರಡನೇ ವಾದದಲ್ಲಿ ಹುರುಳಿದೆ: ಭಾರದ ಬಾಣ ಬೇಗ ಕೆಳಗಿಳಿಯುತ್ತದೆ. ನನ್ನ ಲೆಕ್ಕದಲ್ಲಿ 20 ಗಜಕ್ಕೆ ಮೂರು ಇಂಚಿಗೂ ಕಡಿಮೆ, 30 ಗಜಕ್ಕೆ ಆರು ಇಂಚು ಹೆಚ್ಚು ಇಳಿತ. ಗುರಿಸೂಜಿಯನ್ನು ಹೊಂದಿಸಿಕೊಂಡರೆ ಅದೂ ಸರಿಹೋಗುತ್ತದೆ, ದೂರದ ಅಂದಾಜು ತಪ್ಪಬಾರದಷ್ಟೆ. ದೂರ ಗೊತ್ತಿಲ್ಲದಿದ್ದರೆ ಹೊಡೆಯಬೇಡಿ. ಅಂಥ ಹೊಡೆತವನ್ನು ತಡೆಯುವುದು ಭಾರದ ಬಾಣದ ದೋಷವಲ್ಲ, ಗುಣ.

ಇನ್ನು ಸಮತೋಲ. ಬಾಣವನ್ನು ಸ್ಕೇಲಿನ ಅಂಚಿನ ಮೇಲೆ ಅಡ್ಡ ಇಟ್ಟು, ಅತ್ತ ಇತ್ತ ಸರಿಸಿ, ಎರಡೂ ಕಡೆ ಬೀಳದೆ ನಿಂತ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಹೆದೆ ಕೂರುವ ಕಚ್ಚಿನಿಂದ ಆ ಗೆರೆಗೆ ನನ್ನ ಭಾರದ ಬಾಣದಲ್ಲಿ 18.2 ಇಂಚು. ಬಾಣದ ಅರ್ಧ ಉದ್ದ 13.5. ವ್ಯತ್ಯಾಸ 4.7 ಇಂಚು, ಒಟ್ಟು ಉದ್ದದ ಶೇ 17. ಇಷ್ಟು ಮುಂಭಾರ ಇದ್ದರೆ ಹಿಂದಿನ ಗರಿಗಳಿಗೆ ಹಿಡಿತ ಹೆಚ್ಚು, ಬಿಲ್ಲು ಬಿಟ್ಟ ಬಾಣದ ಬಳುಕಾಟ ಬೇಗ ನಿಲ್ಲುತ್ತದೆ, ನಾಟುವಾಗ ನೇರ ನಾಟುತ್ತದೆ. ಆದರೆ ಅಲಗಿನ ಕಡೆ ತೂಕ ಸೇರಿಸಿದರೆ ಕಡ್ಡಿ ಮೊದಲಿಗಿಂತ ಹೆಚ್ಚು ಬಾಗುತ್ತದೆ. ಆದ್ದರಿಂದ ಕಡ್ಡಿಯೂ ಗಟ್ಟಿಯದಾಗಬೇಕು. ಬಾಣದ ಕಡ್ಡಿಯ ಮೇಲಿನ 400, 500 ಎಂಬ ಅಂಕಿ ಇದನ್ನೇ ಹೇಳುವುದು. 28 ಇಂಚು ಅಂತರದ ಎರಡು ಆಸರೆಯ ನಡುವೆ 1.94 ಪೌಂಡ್ ತೂಗುಹಾಕಿದಾಗ ಅದು ಇಂಚಿನ ಸಾವಿರದಲ್ಲಿ ಎಷ್ಟು ಪಾಲು ಜಗ್ಗಿತು ಎಂಬ ಲೆಕ್ಕ. ಅಂಕಿ ಕಡಿಮೆಯಾದಷ್ಟೂ ಕಡ್ಡಿ ಗಟ್ಟಿ. ಅಲಗು ಮಾತ್ರ ಬದಲಿಸಿ ಕಡ್ಡಿ ಹಳೆಯದನ್ನೇ ಇಟ್ಟುಕೊಂಡು, "ಭಾರದ ಬಾಣ ಸೊಟ್ಟ ಹೋಗುತ್ತದೆ" ಎಂದು ದೂರುವವರು ಬಹಳ.

ಭಾರದ ಪಕ್ಷದಲ್ಲೂ ಅತಿ ಇದೆ. ಎಡ್ ಆ್ಯಶ್ಬಿ ಎಂಬವರು 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ದೊಡ್ಡ ಪ್ರಾಣಿಗಳ ಮೇಲೆ ಬಾಣಗಳ ನಾಟುವಿಕೆ ಪರೀಕ್ಷಿಸಿ, ಮುಂದೆ ದಶಕಗಟ್ಟಲೆ ಅದನ್ನೇ ಬೆನ್ನುಹತ್ತಿದರು. ದಪ್ಪ ಎಲುಬು ಸೀಳಬೇಕಾದರೆ ಬಾಣ 650 ಗ್ರೇನ್ ಇರಬೇಕು ಎಂಬುದು ಅವರ ಮಾತು. ಅದನ್ನೇ ಮಂತ್ರದಂತೆ ಜಪಿಸುವವರು ಇಲ್ಲಿ ಬೇಕಾದಷ್ಟು ಮಂದಿ. ಕಾಡೆಮ್ಮೆಯ ಎಲುಬಿಗೆ ಬೇಕಾದ ತೂಕ ಬಿಳಿಬಾಲದ ಜಿಂಕೆಯ ಪಕ್ಕೆಲುಬಿಗೆ ಬೇಕಿಲ್ಲ. ನನ್ನ 45 ಪೌಂಡಿನ ಬಿಲ್ಲಿಗೆ 650 ಏರಿಸಿದರೆ 20 ಗಜ ದಾಟುವ ಹೊತ್ತಿಗೆ ಬಾಣ ನೆಲ ನೋಡುತ್ತಿರುತ್ತದೆ. ಆ್ಯಶ್ಬಿ ಅವರ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವುದು ತೂಕವಲ್ಲ, ಬಾಣ ಮುರಿಯದೆ ಬಾಗದೆ ಉಳಿಯಬೇಕು ಎಂಬುದು; ಆಮೇಲೆ ನೇರ ಹಾರಾಟ. ಆ ಮೊದಲೆರಡನ್ನು ಬಿಟ್ಟು 650ನ್ನು ಮಾತ್ರ ಹಿಡಿದುಕೊಂಡರೆ ಪ್ರಯೋಜನವಿಲ್ಲ.

ಹಾಗಾದರೆ ಕಾನೂನು ಎಲ್ಲಿ ಗೆರೆ ಎಳೆಯಬೇಕು? ಮೊಂಟಾನಾ, ಐಡಹೊ, ಅಲಾಸ್ಕಾ ರಾಜ್ಯಗಳಲ್ಲಿ ದೊಡ್ಡ ಪ್ರಾಣಿಗಳ ಬೇಟೆಯ ಬಾಣಕ್ಕೆ ಒಟ್ಟು 300 ಗ್ರೇನ್ ಕನಿಷ್ಠ ತೂಕ ಆಗಲೇ ಇದೆ. ಆದ್ದರಿಂದ ಇದು ಜಾರಿಗೆ ಬಾರದ ಕನಸೇನಲ್ಲ. ನನ್ನ ಸೂಚನೆ ಇಷ್ಟು: ವಿಸ್ಕಾನ್ಸಿನ್‌ನಲ್ಲಿ ಬಿಲ್ಲಿನ ಪ್ರತಿ ಪೌಂಡಿಗೆ 6 ಗ್ರೇನ್, ಅಥವಾ ಒಟ್ಟು 350 ಗ್ರೇನ್, ಯಾವುದು ಹೆಚ್ಚೋ ಅದು ಕನಿಷ್ಠವಾಗಲಿ. 70 ಪೌಂಡಿನವರು 420ಕ್ಕೆ ಏರಬೇಕಾಗುತ್ತದೆ, ಅವರಿಗೆ ಅದು ಭಾರವೇ ಅಲ್ಲ. ಕಡಿಮೆ ಬಲದ ಬಿಲ್ಲಿನ ಮಕ್ಕಳಿಗೂ ಹೆಂಗಸರಿಗೂ 350 ಸುಲಭವಾಗಿ ಸಿಗುತ್ತದೆ. ಜತೆಗೆ, 1973ರಿಂದೀಚೆಗೆ ಹುಟ್ಟಿದವರು ಪರವಾನಗಿಗೆ ಮೊದಲು ಮುಗಿಸಬೇಕಾದ ಬೇಟೆ ಶಿಕ್ಷಣದ ತರಗತಿಯಲ್ಲಿ ಬಿಲ್ಲು ಹಿಡಿಯಹೊರಟವರು ತಮ್ಮ ಬಾಣವನ್ನು ತಾವೇ ತೂಗಿ, ಸಮತೋಲದ ಗೆರೆ ಎಳೆದು ತೋರಿಸಲಿ.

"ಗುರಿ ಸರಿಯಿದ್ದರೆ ಯಾವ ಬಾಣವಾದರೂ ಆದೀತು" ಎನ್ನುವವರಿದ್ದಾರೆ. ಗುರಿಯೇ ಮೊದಲು, ಒಪ್ಪಿದೆ. ಆದರೆ ಹೆದೆ ಬಿಟ್ಟ ಮೇಲೆ ಜಿಂಕೆ ಕುಗ್ಗಿ ತಿರುಗಿದರೆ ಪಕ್ಕೆಲುಬಿಗೆ ಇಟ್ಟ ಗುರಿ ಭುಜದೆಲುಬಿಗೆ ಬೀಳಬಹುದು. ಆಗ ಒಳ ತಲುಪುವುದೋ ಅರ್ಧದಲ್ಲೇ ನಿಲ್ಲುವುದೋ ಎಂಬುದನ್ನು ನಿರ್ಧರಿಸುವುದು ಬಾಣ. ಗುರಿಯನ್ನಾಗಲೀ ತಾಳ್ಮೆಯನ್ನಾಗಲೀ ಯಾವ ಅಧಿಕಾರಿಯೂ ಕಾಡಿನಲ್ಲಿ ನಿಂತು ಪರೀಕ್ಷಿಸಲಾರ. ಬಾಣವನ್ನಾದರೆ ತಕ್ಕಡಿಗೆ ಹಾಕಬಹುದು. ಆಗುವ ಕೆಲಸ ಅದೊಂದೇ ಇರುವಾಗ, ಅದನ್ನು ಮಾಡದಿರಲು ಸರ್ಕಾರಕ್ಕೆ ಕಾರಣವಿಲ್ಲ.