ಗೃಹಸ್ಥರ ಕಡತ: ತುಂಬಿದ ಅರ್ಜಿಗಳನ್ನು ಒಂದುಗೂಡಿಸುವ ಬಗೆ

ಜೂನ್ ತಿಂಗಳು ಬಂತೆಂದರೆ ಮುಂಬಯಿಯ ನಮ್ಮ ಮನೆಗಳಲ್ಲಿ ಮಳೆಗೆ ಮೊದಲೇ ಅರ್ಜಿಗಳ ಸುರಿಮಳೆ ಪ್ರಾರಂಭವಾಗುತ್ತದೆ. ಕಾಲೇಜಿನ ಪ್ರವೇಶ, ವಿದ್ಯಾರ್ಥಿವೇತನ, ವಾಸ್ತವ್ಯದ ದಾಖಲೆ, ಸಂಘಸಂಸ್ಥೆಗಳ ಸಹಾಯಧನ, ಒಂದೇ ಎರಡೇ! ಹಿಂದೆ ಇವುಗಳಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದು, ಕಾಗದಗಳನ್ನೆಲ್ಲ ಟಾಚಣಿಯಿಂದ ಚುಚ್ಚಿ ಒಂದು ಕಟ್ಟು ಮಾಡಿ ಕೊಟ್ಟು ಬರುತ್ತಿದ್ದೆವು. ಮಹಾರಾಷ್ಟ್ರದಲ್ಲಿ 2015ರಲ್ಲಿ ಲೋಕಸೇವಾ ಹಕ್ಕಿನ ಕಾಯಿದೆ ಬಂದ ಮೇಲೆ ‘ಆಪಲೇ ಸರಕಾರ್’ ತಾಣದ ಮೂಲಕ ಎಷ್ಟೋ ಅರ್ಜಿಗಳನ್ನು ಮನೆಯಿಂದಲೇ ಕಳಿಸುವಂತಾಗಿದೆ. ಟಾಚಣಿ ಹೋಯಿತು, ಕಟ್ಟು ಮಾತ್ರ ಹೋಗಲಿಲ್ಲ. “ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ ಕಳಿಸತಕ್ಕದ್ದು” ಎಂಬ ಸೂಚನೆ ಈಗ ಹಲವೆಡೆ ಕಾಣಬರುತ್ತದೆ.

ಇಲ್ಲಿಯೇ ಒಂದು ತೊಡಕು ಅಡಗಿದೆ. ಒಂದು ಮನೆಯಲ್ಲಿ ಮೂವರು ಮಕ್ಕಳಿದ್ದಾರೆನ್ನಿ. ಒಂದೇ ಬಗೆಯ ನಮೂನೆಯನ್ನು ಮೂವರ ಹೆಸರಿನಲ್ಲಿಯೂ ಗಣಕಯಂತ್ರದಲ್ಲಿ ತುಂಬಿ, ಮೂರನ್ನೂ ಕೂಡಿಸಿ ಒಂದು ಕಡತ ಮಾಡಿದಿರಿ. ತೆರೆದು ನೋಡಿದರೆ ಮೂರೂ ಅರ್ಜಿಗಳಲ್ಲಿ ಹಿರಿಯ ಮಗಳ ಹೆಸರೇ, ಆಕೆಯ ಅಂಕಗಳೇ! ಕೆಲವೊಮ್ಮೆ ತುಂಬಿದ್ದೆಲ್ಲ ಮಾಯವಾಗಿ ಬರಿಯ ಚೌಕಗಳು ಉಳಿಯುವುದೂ ಉಂಟು. ನೋಡದೆ ಕಳಿಸಿದರೆ ಕಿರಿಯರಿಬ್ಬರ ಒಂದು ವರ್ಷದ ಸಹಾಯಧನಕ್ಕೆ ಸಂಚಕಾರ ಬಂದಂತೆಯೇ. ಕೊನೆಯ ದಿನಾಂಕ ದಾಟಿದ ಬಳಿಕ ನಮ್ಮ ಸಮಜಾಯಿಷಿಯನ್ನು ಕೇಳುವವರಾರು?

ಇದು ಯಂತ್ರದ ಹುಚ್ಚಾಟವಲ್ಲ, ಅದಕ್ಕೊಂದು ಕಾರಣವಿದೆ. ಪಿಡಿಎಫ್ ಎಂಬುದನ್ನು ಅಡೋಬಿ ಕಂಪನಿಯವರು 1993ರಲ್ಲಿ ಹೊರತಂದರು. 2008ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಅದರಲ್ಲಿ ತುಂಬತಕ್ಕ ಪ್ರತಿಯೊಂದು ಚೌಕಕ್ಕೂ ಒಳಗೊಳಗೇ ಒಂದು ಹೆಸರಿರುತ್ತದೆ. ಒಂದು ಕಡತದಲ್ಲಿ ಒಂದೇ ಹೆಸರಿನ ಚೌಕಗಳು ಎಷ್ಟೇ ಇರಲಿ, ಅವೆಲ್ಲಕ್ಕೂ ಬೆಲೆ ಒಂದೇ ಎಂಬುದು ನಿಯಮ. ನಮ್ಮ ಊರಿನ ದೃಷ್ಟಾಂತವನ್ನೇ ಕೊಡೋಣ. ಮೂರು ಚಾಳುಗಳಿದ್ದಾಗ ಪ್ರತಿ ಚಾಳಿನಲ್ಲಿಯೂ 5ನೆಯ ನಂಬರಿನ ಖೋಲಿ ಇದ್ದರೆ ಅಂಚೆಯವನಿಗೆ ತೊಂದರೆಯಿಲ್ಲ. ವರಳಿಯ ಬಿ.ಡಿ.ಡಿ. ಚಾಳುಗಳ ಜಾಗದಲ್ಲಿ ಎದ್ದಂತೆ ಮೂರೂ ಸೇರಿ ಒಂದು ಗೋಪುರವಾದಾಗ ಹಳೆಯ ನಂಬರುಗಳನ್ನೇ ಉಳಿಸಿಕೊಂಡರೆ, ಮೂರು ಮನೆಯವರ ಕಾಗದವೂ ಒಬ್ಬರ ಬಾಗಿಲಿಗೆ ಬೀಳುವುದು ಸಹಜವಷ್ಟೆ!

ಆದುದರಿಂದ ಕೂಡಿಸುವ ಮುನ್ನ ಪ್ರತಿಯೊಂದು ಅರ್ಜಿಯನ್ನೂ ‘ಗಟ್ಟಿ’ ಮಾಡಿಕೊಳ್ಳಬೇಕು. ಎಂದರೆ, ತುಂಬಿದ ಅಕ್ಷರಗಳು ಪುಟಕ್ಕೇ ಅಂಟಿ, ಚೌಕಗಳು ಇಲ್ಲವಾಗಬೇಕು. ಉಪಾಯ ಸುಲಭ. ಅರ್ಜಿಯನ್ನು ತುಂಬಿ, ಮೊದಲು ಮೂಲಪ್ರತಿಯನ್ನು ಕಾದಿಡಿ. ಬಳಿಕ ಅದನ್ನು ಮುದ್ರಿಸುವವರಂತೆ ‘ಪ್ರಿಂಟ್’ ಒತ್ತಿ, ಮುದ್ರಣಯಂತ್ರದ ಬದಲು ‘ಸೇವ್ ಆಸ್ ಪಿಡಿಎಫ್’ ಅಥವಾ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಎಂಬುದನ್ನು ಆರಿಸಿರಿ. ಕಾಗದವಿಲ್ಲದೆ ಹೊಸದೊಂದು ಪ್ರತಿ ಸಿದ್ಧವಾಗುತ್ತದೆ. ಹೀಗೆ ಒಂದೊಂದನ್ನೂ ಮಾಡಿಕೊಂಡು ಆಮೇಲೆ ಕೂಡಿಸಿದರೆ ಒಬ್ಬರ ಹೆಸರು ಇನ್ನೊಬ್ಬರ ತಲೆಗೆ ಬರದು. ಕೂಡಿಸಲು ಮ್ಯಾಕ್ ಗಣಕದಲ್ಲಿ ‘ಪ್ರಿವ್ಯೂ’ ಇದೆ. ವಿಂಡೋಸಿಗೆ ‘ಪಿಡಿಎಫ್‌ಸ್ಯಾಮ್ ಬೇಸಿಕ್’ ಎಂಬ ಉಚಿತ ತಂತ್ರಾಂಶ ದೊರೆಯುತ್ತದೆ.

ಕನ್ನಡದಲ್ಲಿ ತುಂಬುವವರಿಗೆ ಇನ್ನೊಂದು ಮಾತು. ನಮೂನೆಯ ಚೌಕಕ್ಕೆ ಗೊತ್ತುಮಾಡಿದ ಅಚ್ಚಿನಲ್ಲಿ ಕನ್ನಡ ಅಕ್ಷರಗಳೇ ಇಲ್ಲದಿದ್ದರೆ ನಿಮ್ಮ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಬಹುದು. ಗಟ್ಟಿ ಮಾಡಿದ ಪ್ರತಿಯಲ್ಲಿ ಹೆಸರು, ಊರು ನೆಟ್ಟಗಿವೆಯೇ ಎಂದು ಕಣ್ಣಿಟ್ಟು ನೋಡಿರಿ.

ಆದರೆ ಎಲ್ಲ ಕಾಗದಕ್ಕೂ ಈ ಮದ್ದು ಸಲ್ಲದು. ಇಳಿಸಿಕೊಂಡ ಇ-ಆಧಾರ್, ಕಚೇರಿಗಳು ಕೊಡುವ ಡಿಜಿಟಲ್ ಸಹಿಯ ಪ್ರಮಾಣಪತ್ರ, ಇವನ್ನು ಮರುಮುದ್ರಿಸಿದರೆ ಅಥವಾ ಇತರ ಪುಟಗಳೊಡನೆ ಬೆರೆಸಿದರೆ ಸಹಿಯ ಚಿತ್ರ ಕಂಡೀತು, ಅದನ್ನು ಪರೀಕ್ಷಿಸಿ ನೋಡುವ ಗುಣ ಹೋಗುತ್ತದೆ. ಅರಗಿನ ಮುದ್ರೆಯನ್ನು ಒಡೆದು ಅದರ ಛಾಯಾಚಿತ್ರ ಅಂಟಿಸಿದ ಹಾಗೆ. ಇಂಥವುಗಳ ಮೂಲವನ್ನು ಮುಟ್ಟದೆ ಬೇರೆಯೇ ಇಟ್ಟುಕೊಳ್ಳಿ. ಕಟ್ಟಿನೊಳಗೆ ನಕಲು ಸೇರಲಿ.

ಕೊನೆಯದಾಗಿ, ಬಹು ಮುಖ್ಯವಾದ ಎಚ್ಚರಿಕೆ. ‘ಉಚಿತವಾಗಿ ಕೂಡಿಸಿ ಕೊಡುತ್ತೇವೆ’ ಎನ್ನುವ ತಾಣಗಳು ಬೇಕಾದಷ್ಟಿವೆ. ಅಲ್ಲಿಗೆ ಏರಿಸಿದ ಕಾಗದ ನಿಮ್ಮ ಮನೆ ಬಿಟ್ಟು ಪರರ ಯಂತ್ರಕ್ಕೆ ಹೋಗುತ್ತದೆಂಬುದನ್ನು ಮರೆಯಬೇಡಿ. ಆಧಾರ್ ಸಂಖ್ಯೆ, ಬ್ಯಾಂಕಿನ ಖಾತೆ, ಮಗಳ ಜನ್ಮದಿನಾಂಕಗಳಿರುವ ಕಟ್ಟನ್ನು ದಾರಿಹೋಕನ ಕೈಗೆ ಕೊಡುತ್ತೇವೆಯೇ? ನಮ್ಮ ಗಣಕದಲ್ಲಿಯೇ ಕೂಡಿಸುವುದು ಕ್ಷೇಮ. ಬೀದಿಯ ಸೈಬರ್ ಅಂಗಡಿಯಲ್ಲಿ ಮಾಡಿಸಿದರೆ ಕೆಲಸ ಮುಗಿದೊಡನೆ ಕಡತಗಳನ್ನು ಎದುರಿಗೇ ಅಳಿಸಿ ಬನ್ನಿ.

ನಮ್ಮ ತರುಣ ಓದುಗರಲ್ಲಿ ಒಂದು ಅರಿಕೆ. ಡೊಂಬಿವಲಿ, ಮುಲುಂಡ, ಬೊರಿವಲಿಯ ಕಟ್ಟಡಗಳಲ್ಲಿ ಮಕ್ಕಳು ದೂರದೇಶದಲ್ಲಿದ್ದು ಒಂಟಿಯಾಗಿರುವ ನಮ್ಮ ಹಿರಿಯರು ಎಷ್ಟೋ ಮಂದಿ. ಭಾನುವಾರದ ಒಂದು ಗಂಟೆಯನ್ನು ಅವರ ಅರ್ಜಿಗಳಿಗೆ ಮೀಸಲಿಡಿ. ಕಳಿಸುವ ಮೊದಲು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಗಟ್ಟಿಯಾಗಿ ಓದಿ ಹೇಳಿ. ಪ್ರತಿ ಪುಟದಲ್ಲಿಯೂ ಅವರವರ ಹೆಸರೇ ಇದೆಯೆಂದು ಖಾತ್ರಿಯಾದ ಮೇಲೆಯೇ ಗುಂಡಿಯನ್ನು ಒತ್ತಿರಿ.