ಮೋಟು ಮೂತಿಯ ಮರಿ ಕೊಳ್ಳುವ ಮುನ್ನ

2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೇಲೆ ಪಗ್ ಮರಿಗಳಿಗೆ ಬೇಡಿಕೆ ಏರಿತು. ಆರರಿಂದ ಎಂಟು ಕೆ.ಜಿ. ತೂಗುವ ಈ ಪುಟ್ಟ ತಳಿಗೆ ಅಂದ ಕೊಡುವ ಚಪ್ಪಟೆ ಮುಖವೇ ಅದರ ಕಷ್ಟಕ್ಕೂ ಕಾರಣ.

ನಾಯಿಯು ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟು ಮೈಯ ಬಿಸಿಯನ್ನು ಕಳೆದುಕೊಳ್ಳುತ್ತದೆ. ಪಗ್‌ಗೆ ಮೂತಿ ಮೋಟು, ಮೂಗಿನ ಹೊಳ್ಳೆ ಕಿರಿದು, ಬಾಯಿಯೊಳಗಿನ ಮೃದು ಅಂಗುಳ ಮಾತ್ರ ಉದ್ದ. ಇವೆಲ್ಲ ಸೇರಿ ಉಸಿರಿಗೆ ತಡೆಯೊಡ್ಡುತ್ತವೆ. ಮರಿಯ ಗೊರಕೆ ಕೇಳಿ ನಗುವವರು, ಅದು ಉಸಿರಾಟದ ತೊಂದರೆಯ ಸೂಚನೆಯೆಂಬುದನ್ನು ಅರಿಯಬೇಕು.

ಆದುದರಿಂದ ಹೊಲ, ತೋಟದ ಕಾವಲಿಗೆ ಈ ತಳಿ ಸಲ್ಲದು. ಬೇಸಿಗೆಯ ಬಿಸಿಲಿನಲ್ಲಿ ಕಟ್ಟಿದರೆ ಪ್ರಾಣಕ್ಕೇ ಅಪಾಯ. ಈಗಾಗಲೇ ಸಾಕಿದ್ದರೆ ನೆರಳು, ನೀರು ಸದಾ ಇರಲಿ. ಬೊಜ್ಜು ಬೆಳೆಯದಂತೆ ಮಿತವಾಗಿ ಉಣಿಸಿರಿ. ಕೊರಳಪಟ್ಟಿಗೆ ಬದಲು ಎದೆಪಟ್ಟಿ ಹಾಕಿರಿ. ಮುಖದ ಮಡಿಕೆಗಳನ್ನು ಒರೆಸಿ ಒಣಗಿಸಿರಿ. ಬಿಸಿಲಿಗೆ ಬಳಲಿ ನಾಲಿಗೆ ನೀಲಿಗಟ್ಟಿದರೆ ಮೈಗೆ ತಣ್ಣೀರು ಸುರಿದು, ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಿರಿ. ಉಸಿರಿಗೆ ಒದ್ದಾಡುವ ನಾಯಿಯಿಂದ ಮರಿ ಪಡೆಯಬೇಡಿರಿ. ಮೋಟು ಮೂತಿ ಮರಿಗಳಿಗೂ ಇಳಿಯುತ್ತದೆ.

ಎತ್ತು ಕೊಳ್ಳುವಾಗ ಕಾಲು, ಗೊರಸು, ಎದೆ ನೋಡದೆ ಯಾವ ರೈತನೂ ಹಣ ಬಿಚ್ಚುವುದಿಲ್ಲ. ನಾಯಿಮರಿ ಕೊಳ್ಳುವಾಗಲೂ ಮುದ್ದು ಮುಖಕ್ಕಿಂತ ಮೊದಲು ಅದರ ಉಸಿರನ್ನು ಗಮನಿಸುವುದು ವಿವೇಕ.