786ರ ನೋಟಿಗಿಂತ ದುಡಿಮೆಯ ಕೊಡಲಿ ಲೇಸು

ತಿಂಗಳ ಸಂಬಳ ಹದಿನೈದನೆಯ ತಾರೀಖಿಗೇ ಮುಗಿದುಹೋಗುವ ಮನೆಗಳಲ್ಲಿ ಹೆಚ್ಚುವರಿ ಆದಾಯವೆಂದರೆ ಮಕ್ಕಳ ಶಾಲಾ ಶುಲ್ಕ, ಮನೆಯ ಬಾಡಿಗೆ, ಹಿರಿಯರ ಔಷಧಿ. ಆದ್ದರಿಂದಲೇ ಬೆಳಗಾವಿ, ಖಾನಾಪುರಗಳ ಓಣಿಗಳಿಂದ ಹಿಡಿದು ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಯವರೆಗೆ, ಕೈಯಲ್ಲಿರುವ ಮೊಬೈಲಿನಿಂದಲೇ ನಾಲ್ಕು ಕಾಸು ಸಂಪಾದಿಸುವ ದಾರಿಯುಂಟೇ ಎಂದು ನಮ್ಮ ಯುವಕರೂ ಗೃಹಿಣಿಯರೂ ಹುಡುಕುತ್ತಿದ್ದಾರೆ. ಅಗ್ಗಕ್ಕೆ ಕೊಂಡ ವಸ್ತುವನ್ನು, ಇಲ್ಲವೇ ಮನೆಯಲ್ಲಿ ಬಳಕೆಯಿಲ್ಲದೆ ಬಿದ್ದಿರುವ ವಸ್ತುವನ್ನು ಅಂತರ್ಜಾಲದ ಹರಾಜಿನಲ್ಲಿಟ್ಟು ಮಾರುವುದು ಅಂತಹ ದಾರಿಗಳಲ್ಲೊಂದು. ದುಡಿಯಬೇಕೆಂಬ ಈ ಹಂಬಲವನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಇದೇ ದಾರಿಯಲ್ಲಿ ದುರಾಸೆ ಮತ್ತು ಮೂಢನಂಬಿಕೆಗಳು ಕೈಜೋಡಿಸಿ ನಿಂತಿರುವುದನ್ನು ಕಂಡೂ ಸುಮ್ಮನಿರಲಾರೆವು.

786 ಅಂಕಿಯುಳ್ಳ ನೋಟುಗಳ ಹುಚ್ಚನ್ನೇ ನೋಡಿ. ಬಿಸ್ಮಿಲ್ಲಾಹ್‌ನ ಅಕ್ಷರಗಳ ಸಂಖ್ಯಾಮೌಲ್ಯವನ್ನು ಕೂಡಿಸಿದರೆ 786 ಬರುತ್ತದೆಂಬ ಕಾರಣಕ್ಕೆ ಅಂತಹ ನೋಟನ್ನು ಬರಕತ್ತಿನ ನೋಟೆಂದು ಪೆಟ್ಟಿಗೆಯಲ್ಲಿಡುವವರು ನಮ್ಮಲ್ಲಿ ಅನೇಕರು. ಆ ಅಂಕಿಗೆ ಪವಿತ್ರ ಕುರ್‌ಆನಿನಲ್ಲಾಗಲೀ ಪ್ರವಾದಿವರ್ಯರ(ಸ) ಚರ್ಯೆಯಲ್ಲಾಗಲೀ ಆಧಾರವಿಲ್ಲ. ಆದರೂ ಹತ್ತು ರೂಪಾಯಿಯ ನೋಟಿಗೆ ಲಕ್ಷಾಂತರ ರೂಪಾಯಿ ದೊರೆಯುತ್ತದೆಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ಇಲ್ಲಿ ಒಂದು ಸರಳ ವಿಚಾರವನ್ನು ಮರೆಯಲಾಗುತ್ತದೆ. ಮಾರುವವನು ಕೇಳಿದ ಬೆಲೆ ಬೇರೆ, ಕೊಳ್ಳುವವನು ಕೊಟ್ಟ ಬೆಲೆ ಬೇರೆ. ಹತ್ತರ ನೋಟಿನ ಎದುರು ಐದು ಲಕ್ಷವೆಂದು ಬರೆದುಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ವಿಶಿಷ್ಟ ಸಂಖ್ಯೆಯ ನೋಟುಗಳನ್ನು ಸಂಗ್ರಹಿಸುವ ಹವ್ಯಾಸಿಗಳು ಮುಖಬೆಲೆಗಿಂತ ಹೆಚ್ಚು ಕೊಡುವುದುಂಟು. ಆದರೆ ಅದರ ಮೇಲೆ ಮನೆ ಕಟ್ಟುವ ಕನಸು ಕಾಣುವುದು ವ್ಯಾಪಾರವಲ್ಲ.

ಈ ಕನಸಿನ ಬೆನ್ನಿಗೇ ವಂಚಕರು ಬರುತ್ತಾರೆ. ನಿಮ್ಮ ನೋಟಿಗೆ ಗಿರಾಕಿ ಸಿಕ್ಕಿದ್ದಾನೆ, ಮೊದಲು ನೋಂದಣಿ ಶುಲ್ಕ ಕಟ್ಟಿ, ಆಮೇಲೆ ತೆರಿಗೆ, ಆಮೇಲೆ ಕಮಿಷನ್ ಎಂದು ಕಂತು ಕಂತಾಗಿ ಹಣ ಕೀಳುತ್ತಾರೆ. ತನ್ನ ಹೆಸರು ಮತ್ತು ಲಾಂಛನವನ್ನು ಬಳಸಿ ಹಳೆಯ ನೋಟು, ನಾಣ್ಯಗಳ ವ್ಯವಹಾರಕ್ಕೆ ಶುಲ್ಕ ವಸೂಲಿ ಮಾಡಲಾಗುತ್ತಿದೆ, ತಾನು ಅಂತಹ ವ್ಯವಹಾರ ನಡೆಸುವುದೂ ಇಲ್ಲ, ಯಾರಿಗೂ ಅಧಿಕಾರ ಕೊಟ್ಟೂ ಇಲ್ಲ ಎಂದು ಭಾರತೀಯ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತ್ತು. ಹಣ ಪಡೆಯಲು ಮೊದಲು ಹಣ ಕಟ್ಟಬೇಕೆಂದರೆ ಅಲ್ಲಿಗೇ ಮಾತು ಮುಗಿಸಬೇಕು. ಯುಪಿಐ ಮೂಲಕ ಹಣ ಸ್ವೀಕರಿಸಲು ರಹಸ್ಯ ಪಿನ್ ಒತ್ತುವ ಅಗತ್ಯವೇ ಇಲ್ಲವೆಂಬುದು ಮನೆಯ ಪ್ರತಿಯೊಬ್ಬರಿಗೂ ತಿಳಿದಿರಲಿ. ಮೋಸ ಹೋದವರು ನಾಚಿಕೆಯಿಂದ ಮುಚ್ಚಿಡದೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬೇಕು.

ಹಾಗಾದರೆ ಹರಾಜೇ ತಪ್ಪೇ? ಖಂಡಿತ ಅಲ್ಲ. ಸ್ವತಃ ಪ್ರವಾದಿ ಮುಹಮ್ಮದ್(ಸ) ಹರಾಜು ನಡೆಸಿದ ಪ್ರಸಂಗ ಹದೀಸ್ ಗ್ರಂಥಗಳಲ್ಲಿದೆ. ನೆರವು ಬೇಡಿ ಬಂದ ಅನ್ಸಾರಿಯೊಬ್ಬರ ಮನೆಯಲ್ಲಿದ್ದುದು ಒಂದು ಒರಟು ಹೊದಿಕೆ ಮತ್ತು ನೀರು ಕುಡಿಯುವ ಬಟ್ಟಲು ಮಾತ್ರ. ಪ್ರವಾದಿವರ್ಯರು(ಸ) ಅವೆರಡನ್ನೂ ತರಿಸಿ ಜನರ ಮುಂದೆ ಸವಾಲಿಗಿಟ್ಟರು. ಒಬ್ಬರು ಒಂದು ದಿರ್‌ಹಮ್ ಎಂದರು, ಇನ್ನೊಬ್ಬರು ಎರಡು ದಿರ್‌ಹಮ್ ಕೊಟ್ಟು ಕೊಂಡರು. ಒಂದರಿಂದ ಮನೆಗೆ ಆಹಾರ, ಇನ್ನೊಂದರಿಂದ ಕೊಡಲಿ. ಕೊಡಲಿಗೆ ಪ್ರವಾದಿವರ್ಯರು(ಸ) ತಮ್ಮ ಕೈಯಾರೆ ಕಾವು ಜೋಡಿಸಿ, ಸೌದೆ ಕಡಿದು ಮಾರಲು ಕಳುಹಿಸಿದರು. ಹದಿನೈದು ದಿನಗಳ ತರುವಾಯ ಆ ವ್ಯಕ್ತಿ ಹತ್ತು ದಿರ್‌ಹಮ್ ಸಂಪಾದಿಸಿ ಮರಳಿದರು. ಆ ಹರಾಜು ಕೊಡಲಿಯನ್ನು ತಂದುಕೊಟ್ಟಿತು, ಮನೆಯನ್ನು ನಡೆಸಿದ್ದು ದುಡಿಮೆ. ಅಂತರ್ಜಾಲದಲ್ಲಿ ಮಾರಲು ಹೊರಟ ಪ್ರತಿಯೊಬ್ಬರೂ ಈ ಪ್ರಸಂಗವನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕೆಂದು ನಾವು ಬಯಸುತ್ತೇವೆ.

ಈ ವ್ಯಾಪಾರಕ್ಕೆ ನಿಯಮಗಳೂ ಇವೆ. ಕೊಳ್ಳುವ ಉದ್ದೇಶವಿಲ್ಲದೆ ಬೆಲೆ ಏರಿಸಲೆಂದೇ ಸವಾಲು ಕೂಗುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ಗೆಳೆಯನ ಖಾತೆಯಿಂದ ತನ್ನದೇ ವಸ್ತುವಿಗೆ ಬೆಲೆ ಏರಿಸುವವನು ಇದನ್ನೇ ಮಾಡುತ್ತಿದ್ದಾನೆ. ಕೊಳ್ಳುವವನಿಗೆ ವಸ್ತುವನ್ನು ಮುಟ್ಟಿ ನೋಡುವ ಅವಕಾಶವಿಲ್ಲದಿರುವಾಗ ದೋಷವನ್ನು ಹೇಳುವ ಹೊಣೆ ಮಾರುವವನ ಮೇಲೆ ಇಮ್ಮಡಿಯಾಗುತ್ತದೆ. ಗೀಚಿದ ಪರದೆ, ಬದಲಾಯಿಸಿದ ಬ್ಯಾಟರಿ, ಹರಿದ ಅಂಚು ಇವು ಚಿತ್ರದಲ್ಲೂ ವಿವರದಲ್ಲೂ ಕಾಣಬೇಕು. ತನ್ನ ಬಳಿ ಇಲ್ಲದ ವಸ್ತುವನ್ನು ಮಾರುವುದೂ ನಿಷಿದ್ಧವಾದುದರಿಂದ, ಇತರರ ಸರಕಿನ ಚಿತ್ರ ಕಳುಹಿಸಿ ಮಾರುವವರು ತಾವು ಕಮಿಷನ್ನಿನ ಪ್ರತಿನಿಧಿಗಳೆಂಬುದನ್ನು ಮೊದಲೇ ಸ್ಪಷ್ಟಪಡಿಸುವುದು ಕ್ಷೇಮಕರ.

ಇನ್ನು ಲೆಕ್ಕ. ಉದಾಹರಣೆಗೆ 400 ರೂಪಾಯಿಗೆ ಕೊಂಡ ವಸ್ತು 600ಕ್ಕೆ ಹೋಯಿತೆನ್ನಿ. ಜಾಲತಾಣದ ಕಮಿಷನ್ 60, ಕೊರಿಯರ್ 80, ಪ್ಯಾಕಿಂಗ್ 20 ಎಂದಾದರೆ ಉಳಿಯುವುದು 40 ರೂಪಾಯಿ. ಹತ್ತರಲ್ಲಿ ಒಂದು ವಸ್ತು ಹಿಂದಿರುಗಿ, ಹೋಗುವ ಬರುವ ವೆಚ್ಚ ನಿಮ್ಮ ತಲೆಗೇ ಬಂದರೆ 180 ರೂಪಾಯಿ ನಷ್ಟ. ಒಂಬತ್ತರ ಲಾಭ 360ರಲ್ಲಿ ಅದನ್ನು ಕಳೆದರೆ ಹತ್ತು ವಸ್ತುಗಳ ದುಡಿಮೆಗೆ ಸಿಕ್ಕಿದ್ದು 180 ರೂಪಾಯಿ. ಈ ಲೆಕ್ಕವನ್ನು ಮೊದಲೇ ಹಾಕದವರು ಮಾರಾಟ ಹೆಚ್ಚಿದಂತೆಲ್ಲ ಸಾಲ ಹೆಚ್ಚಿಸಿಕೊಳ್ಳುತ್ತಾರೆ.

ಕಂಪೆನಿಗಳನ್ನೇ ನೆಚ್ಚಿ ಕುಳಿತವರ ಪಾಡನ್ನೂ ನೆನಪಿಸಬೇಕು. ನಮ್ಮ ದೇಶದಲ್ಲಿ ಅಂತರ್ಜಾಲ ಹರಾಜನ್ನು ಪರಿಚಯಿಸಿದವುಗಳಲ್ಲಿ 2000ದಲ್ಲಿ ಆರಂಭವಾದ ಬಾಝೀ ಪ್ರಮುಖವಾದುದು. ಅಮೆರಿಕದ ಇಬೇ ಅದನ್ನು 2004ರಲ್ಲಿ ಕೊಂಡಿತು. 2017ರಲ್ಲಿ ಇಬೇಯ ಭಾರತದ ವ್ಯವಹಾರ ಫ್ಲಿಪ್‌ಕಾರ್ಟ್‌ನ ಕೈಸೇರಿ, 2018ರ ಆಗಸ್ಟ್‌ನಲ್ಲಿ ಮುಚ್ಚಿಹೋಯಿತು. ವರ್ಷಗಟ್ಟಲೆ ಪ್ರಾಮಾಣಿಕವಾಗಿ ಮಾರಿ ಗಳಿಸಿದ ಗಿರಾಕಿಗಳ ಮೆಚ್ಚುಗೆಯ ಅಂಕಗಳು ಅಲ್ಲಿ ಉಪಯೋಗವಿಲ್ಲದಾದವು. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೀಶೋ ವಾಟ್ಸಾಪ್ ಮೂಲಕ ಮರುಮಾರಾಟ ಮಾಡುವ ಗೃಹಿಣಿಯರಿಂದಲೇ ಬೆಳೆಯಿತು. ಬಳಿಕ ಅದೂ ಗಿರಾಕಿಗಳಿಗೆ ನೇರವಾಗಿ ಮಾರುವತ್ತ ಹೊರಳಿತು. ಮೂಲ ಬೆಲೆ ಗಿರಾಕಿಯ ಕಣ್ಣಿಗೇ ಬಿದ್ದ ಮೇಲೆ ನಡುವಿನವರ ಲಾಭಕ್ಕೆ ಎಡೆಯೆಲ್ಲಿ? ಜಾಲತಾಣವನ್ನು ಸಂತೆಯ ಕಟ್ಟೆಯೆಂದು ತಿಳಿದು ಬಳಸಬೇಕು, ಬಾಳಿಕೆಯ ಸ್ವತ್ತೆಂದು ನಂಬಬಾರದು.

ಬಾಳುವುದು ಸ್ವಂತ ಹೆಸರು ಮತ್ತು ಸ್ವಂತ ಸರಕು. ಖಾನಾಪುರದ ಜೇಡಿಮಣ್ಣಿಗೆ, ಕುಂಬಾರಿಕೆಗೆ ಹೆಸರಿದೆ. ಖಾದಿ ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಅಲ್ಲಿಯೇ ಇದೆ. ಬೆಳಗಾವಿಯ ಶಹಾಪುರ, ವಡಗಾವಿಗಳಲ್ಲಿ ಮಗ್ಗಗಳಿವೆ. ದೂರದ ಸೂರತ್ತಿನ ಸೀರೆಯ ಚಿತ್ರವನ್ನು ನೂರಾರು ಮಂದಿ ಕಳುಹಿಸುತ್ತಿರುವಾಗ, ನೆರೆಯ ನೇಕಾರನ ಸೀರೆಯನ್ನು, ಕುಂಬಾರನ ಮಡಕೆಯನ್ನು ಕಣ್ಣಾರೆ ನೋಡಿ ಆರಿಸಿ ಮಾರುವವನ ಮಾತಿಗೆ ಬೆಲೆ ಹೆಚ್ಚು. ಕಣಕುಂಬಿಯ ಭಾಗದವರು ಮಳೆಗಾಲದ ತೇವಕ್ಕೂ ಘಟ್ಟದ ರಸ್ತೆಗೂ ತಕ್ಕ ಪ್ಯಾಕಿಂಗ್ ವೆಚ್ಚವನ್ನು ಬೆಲೆಯಲ್ಲಿ ಸೇರಿಸಿಕೊಳ್ಳಲಿ. ಕಾನೂನಿನ ಅರಿವೂ ಬೇಕು. 2023ರ ಅಕ್ಟೋಬರ್ 1ರಿಂದ, ವಹಿವಾಟು ನಿಗದಿತ ಮಿತಿಯೊಳಗಿರುವ ಸಣ್ಣ ಮಾರಾಟಗಾರರು ಜಿಎಸ್‌ಟಿ ನೋಂದಣಿಯಿಲ್ಲದೆ, ದಾಖಲಾತಿ ಸಂಖ್ಯೆಯೊಂದನ್ನು ಪಡೆದು, ಜಾಲತಾಣಗಳ ಮೂಲಕ ತಮ್ಮ ರಾಜ್ಯದೊಳಗೆ ಸರಕು ಮಾರಬಹುದು. ಆದರೆ ಚೋರ್ಲಾ ಘಾಟಿನಾಚೆಯ ಗೋವಾದ ಗಿರಾಕಿಗೆ ಹೀಗೆ ಮಾರಬೇಕಾದರೆ ನೋಂದಣಿ ಕಡ್ಡಾಯ. ಅಜ್ಜನ ಕಾಲದ ವಸ್ತುಗಳನ್ನು ಹರಾಜಿಗಿಡುವ ಮುನ್ನವೂ ಯೋಚಿಸಬೇಕು. ನೂರು ವರ್ಷ ಮೀರಿದ ಪ್ರಾಚೀನ ಕಲಾಕೃತಿ, ನಾಣ್ಯಗಳಿಗೂ 75 ವರ್ಷ ಮೀರಿದ ಮಹತ್ವದ ಹಸ್ತಪ್ರತಿಗಳಿಗೂ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸುತ್ತದೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು.

ಈ ವಿಚಾರದಲ್ಲಿ ಜಮಾಅತ್‌ಗಳ ಹಿರಿಯರಿಗೂ ಹೊಣೆಯಿದೆ. 786ರ ಹುಚ್ಚನ್ನು ಬಿಡಿಸುವ ಎರಡು ಮಾತು ಮಿಂಬರ್‌ನಿಂದ ಕೇಳಿಬರಲಿ. ಲೆಕ್ಕ ಬರೆಯುವುದನ್ನು, ವಂಚನೆಯನ್ನು ಗುರುತಿಸುವುದನ್ನು ಓದಿದ ಯುವಕರು ಮೊಹಲ್ಲಾದ ತಾಯಂದಿರಿಗೂ ಸಹೋದರಿಯರಿಗೂ ಕಲಿಸಲಿ. ಗೃಹಿಣಿಯೊಬ್ಬಳು ಪ್ರಾಮಾಣಿಕವಾಗಿ ಗಳಿಸಿದ 180 ರೂಪಾಯಿ ಚಿಕ್ಕದಲ್ಲ. ಅದರಲ್ಲಿ ಯಾರ ಶಾಪವೂ ಇಲ್ಲ, ಯಾರ ಸಾಲವೂ ಇಲ್ಲ. ಪೆಟ್ಟಿಗೆಯಲ್ಲಿಟ್ಟ ನೋಟು ಎಂದಾದರೊಂದು ದಿನ ಅದೃಷ್ಟ ತಂದೀತೆಂದು ಕಾಯುವ ಮನೆಗೆ ಬರಕತ್ ಎಲ್ಲಿಂದ ಬಂದೀತು?